ಸೆರಗು ಸರಿಮಾಡುವ ಕೈ

ಊಟಿಯ ಮೇಲಿನ ಬಜಾರಿನಲ್ಲಿ ಮೆಟ್ಟಿಲು ಹತ್ತಿ ಹೋಗಬೇಕಾದ ಒಂದು ಸಣ್ಣ ಫೋಟೋ ಸ್ಟುಡಿಯೋ ಇತ್ತು. ಅದನ್ನು ನಡೆಸುತ್ತಿದ್ದ ಇಂದ್ರಾಣಿಯನ್ನು ಸುತ್ತಲಿನ ಹಟ್ಟಿಗಳ ಹೆಂಗಸರೆಲ್ಲ ಬಲ್ಲರು. ಅವಳ ಮುಖ ಮರೆತವರೂ ಅವಳ ಕೈಯನ್ನು ಮರೆತವರಲ್ಲ. ಬೆಳಕು ನೋಡಿ, ದೂರ ನೋಡಿ, ಎಲ್ಲ ಸರಿಯಾಯಿತು ಅಂದಮೇಲೆ ಇಂದ್ರಾಣಿ ಕ್ಯಾಮೆರಾ ಬಿಟ್ಟು ಮುಂದಕ್ಕೆ ಬರುತ್ತಿದ್ದಳು. ಎದುರಿಗೆ ನಿಂತವಳ ಸೆರಗನ್ನು ಎರಡು ಬೆರಳಲ್ಲಿ ಹಿಡಿದು ಒಂದಿಷ್ಟು ಮೇಲಕ್ಕೆಳೆದು, ಭುಜದ ಮೇಲೆ ಒತ್ತಿ, "ಹಾಂ, ಈಗ ಸರಿ" ಅನ್ನುತ್ತಿದ್ದಳು. ಕ್ಲಿಕ್ ಅನ್ನುವುದು ಅದಾದ ಮೇಲೆ.

ಮದುವೆ ಮನೆಯ ಹುಡುಗಿಯರು ನಗುತ್ತಿದ್ದರು. "ಇಂದ್ರಾಣಿಯಕ್ಕ ಗುಡಿಯೊಳಗಿನ ಅಮ್ಮನ ಫೋಟೋ ತೆಗೆದರೂ ಮೊದಲು ಸೆರಗು ಎಳೆದೇ ತೆಗೀತಾಳೆ" ಅಂತ. ನಕ್ಕರೂ ತಮ್ಮ ಮದುವೆಗೆ ಅವಳನ್ನೇ ಕರೆಸುತ್ತಿದ್ದರು. ಮಂಜೂರಿನ ಆಚೆಯ ಹಟ್ಟಿಗಳಿಂದ, ಕೂನೂರಿನಿಂದ ಹೇಳಿಕಳಿಸುತ್ತಿದ್ದರು. ಆ ಕೈ ಇದ್ದರೆ ನಾಳೆ ಆಲ್ಬಮ್ ಯಾರ ಕೈಗೆ ಹೋದರೂ ಹೆಣ್ಣಿನ ಮನೆಯವರು ತಲೆ ತಗ್ಗಿಸಬೇಕಾಗಿಲ್ಲ ಅನ್ನುವ ಧೈರ್ಯ.

ಆ ಅಭ್ಯಾಸಕ್ಕೆ ಒಂದು ಹಿಂದಿನ ಕತೆಯಿತ್ತು. ಇಂದ್ರಾಣಿಯ ಅಪ್ಪ ಗುಂಡ್ಲುಪೇಟೆ ಕಡೆಯವರು. ಬೆಟ್ಟ ಹತ್ತಿ ಬಂದು ಸ್ಟುಡಿಯೋ ಇಟ್ಟವರು. ಗಂಡುಮಕ್ಕಳು ಇಲ್ಲದ್ದರಿಂದ ಮಗಳಿಗೇ ಕೆಲಸ ಕಲಿಸಿದರು. ಲಂಗದಾವಣಿ ಬಿಟ್ಟು ಸೀರೆ ಉಡಲು ಶುರುಮಾಡಿದ ವರ್ಷ ಅವಳು ಕೂನೂರಿನಲ್ಲಿ ಒಂದು ಮದುವೆಯ ಫೋಟೋ ತೆಗೆದಳು. ಹಾರ ಹಾಕುವಾಗ ಮದುಮಗಳ ಸೆರಗು ಜಾರಿತ್ತು. ಇಂದ್ರಾಣಿ ಮುಖವನ್ನೇ ನೋಡುತ್ತಿದ್ದಳು, ಸೆರಗು ನೋಡಲಿಲ್ಲ. ಆಲ್ಬಮ್ ನೋಡಿದ ಅತ್ತೆ ಅದನ್ನು ಹೊಸ್ತಿಲಾಚೆ ಎಸೆದಳಂತೆ. ಆ ಹುಡುಗಿಗೆ ವರ್ಷಗಟ್ಟಲೆ ಅದೇ ಮಾತು, ಅದೇ ಚುಚ್ಚು. ಅಪ್ಪ ಮಗಳನ್ನು ಬೈಯಲಿಲ್ಲ. "ನಮ್ಮ ಕೈಯಲ್ಲಿ ಆದ ತಪ್ಪು ನೋಡವ್ವ, ಆ ಹುಡುಗಿ ಮನೇಲಿ ಉಳ್ಕೊಂಡ್ಬುಡ್ತು" ಅಂದರು, ಅಷ್ಟೆ. ಅವತ್ತಿನಿಂದ ಇಂದ್ರಾಣಿಯ ಕೈ ತಾನಾಗಿ ಮುಂದೆ ಹೋಗುವುದನ್ನು ಕಲಿತುಕೊಂಡಿತು. ಅಪ್ಪ ತೀರಿಹೋದರು, ಗಂಡ ಶಿವಲಿಂಗಯ್ಯ ಬಂದು ಮುಂದಿನ ಕೌಂಟರ್ ನೋಡಿಕೊಂಡ, ಕಪ್ಪುಬಿಳುಪು ಹೋಗಿ ಬಣ್ಣ ಬಂತು. ಕೈ ಮಾತ್ರ ಹಾಗೇ ಇತ್ತು.

ತೊಂಬತ್ತೇಳನೆಯ ಇಸವಿ, ಆಡಿ ತಿಂಗಳು. ಮದುವೆಗಳಿಲ್ಲದ ಕಾಲ. ಮಳೆ ಅನ್ನುವಂತೆಯೂ ಇಲ್ಲ, ನಿಂತಿತು ಅನ್ನುವಂತೆಯೂ ಇಲ್ಲ, ಮೋಡ ಬಂದು ಅಂಗಡಿಯ ಬಾಗಿಲೊಳಗೇ ಕೂತಂತೆ ಇತ್ತು. ತುಮ್ಮನಟ್ಟಿಯ ಲಿಂಗಮ್ಮ ಮೆಟ್ಟಿಲು ಹತ್ತಿ ಬಂದು ಬೆಂಚಿನ ಮೇಲೆ ಕೂತಳು. ಕೊಡೆ ಮಡಿಸಿ ಕಾಲ ಬಳಿ ಇಟ್ಟುಕೊಂಡಳು. ಬಂದವರು ಪಾಸ್‌ಪೋರ್ಟ್ ಫೋಟೋ ತೆಗೆಸಿಕೊಂಡು ಹೋದರು, ಇನ್ನೊಬ್ಬರು ಬಂದು ಹೋದರು. ಲಿಂಗಮ್ಮ ಕೂತೇ ಇದ್ದಳು.

ಅವಳು ಹೊಸಬಳಲ್ಲ. ಅವಳ ಮದುವೆಯ ಫೋಟೋ ತೆಗೆದದ್ದು ಇಂದ್ರಾಣಿಯೇ. ಮೂರು ಮಕ್ಕಳಿಗೂ ಮೊದಲ ಫೋಟೋ ಅವಳದೇ. ಗಂಡನ ಹೆಸರು ಹಾಲ. ಕ್ಯಾರೆಟ್, ಆಲೂಗಡ್ಡೆ ಬೆಳೆಯುವವನು. ಲಿಂಗಮ್ಮ ಮಾತ್ರ ದೊಡ್ಡಬೆಟ್ಟದ ರಸ್ತೆಯ ಒಂದು ಕಾಟೇಜಿನಲ್ಲಿ ಕೆಲಸಕ್ಕಿದ್ದಳು. ಊಟಿಗೆ ಬರುವ ಹೊಸ ಜೋಡಿಗಳು ಉಳಿಯುವ ಜಾಗ ಅದು. ಹಾಸಿಗೆ ಹಾಸುವುದು, ಬೆಡ್‌ಶೀಟು ಒಗೆದು ಇಸ್ತ್ರಿ ಮಾಡುವುದು ಅವಳ ಪಾಲಿನ ಕೆಲಸ. ಹದಿನೈದು ವರ್ಷದಿಂದ ಬೇರೆಯವರ ಹಾಸಿಗೆಯನ್ನೇ ಸುಕ್ಕಿಲ್ಲದಂತೆ ಹಾಸಿದವಳು.

ಶಿವಲಿಂಗಯ್ಯ ಟೀ ತರಲು ಕೆಳಗಿಳಿದಾಗ ಅವಳು ಎದ್ದು ಬಂದಳು.

"ಅಕ್ಕ, ಎನಗೆ ಒಂದು ಫೋಟೋ ಬೇಕು."

"ಅದಕ್ಕೇನವ್ವ, ಕೂತ್ಕೋ. ಯಾವುದಕ್ಕೆ, ರೇಷನ್ ಕಾರ್ಡಿಗಾ?"

"ಕಾರ್ಡಿಗೆ ಇಲ್ಲೆ." ಲಿಂಗಮ್ಮ ನಕ್ಕಳು. "ಕಾರ್ಡಿಗೆ ಅಂಟಿಸಿದರೆ ಆಫೀಸಿನವರು ಎದ್ದು ಓಡ್ತಾರೆ."

ಆಮೇಲೆ ಹೇಳಿದಳು. ಎಡಗಡೆಯ ಎದೆಯಲ್ಲಿ ಗಂಟು. ಕೊಯಮತ್ತೂರಿಗೆ ಹೋಗಿ ತೋರಿಸಿದ್ದಾಯಿತು, ಸೂಜಿ ಹಾಕಿ ತೆಗೆದು ನೋಡಿದ್ದೂ ಆಯಿತು. ಮುಂದಿನ ವಾರ ಆಪರೇಷನ್. ಗಂಟು ಮಾತ್ರ ಅಲ್ಲ, ಪೂರಾ ತೆಗೆಯುತ್ತಾರಂತೆ. ಹೇಳುವಾಗ ಅವಳ ದನಿ ಒಣ ಬಟ್ಟೆ ಮಡಿಸಿದ ಹಾಗಿತ್ತು, ಒಂದರ ಮೇಲೆ ಒಂದು.

"ಕಾಟೇಜಿಗೆ ಬೊಂಬಾಯಿಂದ ಒಬ್ಬಳು ಬಂದಿದ್ದಳು ಅಕ್ಕ. ಅವಳ ಪೆಟ್ಟಿಗೆ ಮೇಲೆ ಒಂದು ಫೋಟೋ ಇತ್ತು. ಅವಳದ್ದೇ. ಮಲಗೋ ಮನೇಲಿ, ಹಾಸಿಗೆ ಮೇಲೆ, ಕಿಟಕಿ ಬೆಳಕಲ್ಲಿ. ಮೈ ಮೇಲೆ ಹೆಚ್ಚೇನೂ ಇಲ್ಲೆ. ಎನಗೆ ಮೊದಲು ಥೂ ಅನ್ನಿಸ್ತು. ಆಮೇಲೆ ದಿನಾ ಕಸ ಗುಡಿಸುವಾಗ ನೋಡ್ತಿದ್ದೆ. ಒಂದು ದಿನ ಕೇಳೇಬಿಟ್ಟೆ, ಇದು ಗಂಡನಿಗಾ ಅಂತ. 'ಅಲ್ಲ, ನನಗೆ' ಅಂದಳು. 'ಮುದುಕಿಯಾದ ಮೇಲೆ ನೋಡ್ಕೊಳ್ಳಕ್ಕೆ' ಅಂದಳು."

ಇಂದ್ರಾಣಿ ಕೌಂಟರಿನ ಗಾಜನ್ನು ಸೆರಗಿನಿಂದ ಒರೆಸುತ್ತ ನಿಂತಳು. ಗಾಜಿನ ಮೇಲೆ ಏನೂ ಇರಲಿಲ್ಲ.

"ಎನಗೂ ಅಂಥದ್ದು ಒಂದು ಬೇಕು" ಅಂದಳು ಲಿಂಗಮ್ಮ. "ಮುದುಕಿ ಆಗೋ ತನಕ ಕಾಯೋ ಹಾಗಿಲ್ಲೆ. ಮೂರು ಮಕ್ಕಳು ಕುಡಿದದ್ದು ಅಕ್ಕ ಇದು. ನಾನೇ ಯಾವತ್ತೂ ಸರಿಯಾಗಿ ನೋಡಿಲ್ಲೆ. ನಮ್ಮ ಮನೇಲಿರೋ ಕನ್ನಡಿ ಅಂಗೈಯಷ್ಟು, ಹಣೆ ಕಂಡರೆ ಗಲ್ಲ ಕಾಣಲ್ಲ. ಹೋಗೋ ಮುಂಚೆ ಇರೋ ಹಾಗೆ ಒಂದು ತೆಗೆದುಕೊಡು. ಇರೋ ಹಾಗೆ."

"ಹಾಲನಿಗೆ ಹೇಳಿದ್ದೀಯಾ?"

"ಹೇಳ್ದೆ. 'ಅದು ಯಾತಕ್ಕೆ' ಅಂದ. ಬೇಡ ಅನ್ನಲಿಲ್ಲೆ. ಕ್ಯಾರೆಟ್ ತೊಳೆಯಕ್ಕೆ ಹೋದ. ಬಂದು ಊಟಕ್ಕೆ ಕೂತಾಗ, 'ಇಂದ್ರಾಣಿಯಕ್ಕ ಆದರೆ ತೆಗೆಸ್ಕೋ, ಬೇರೆ ಯಾರೂ ಬೇಡ' ಅಂದ."

ಇಂದ್ರಾಣಿಯ ಕೆಲಸದಲ್ಲಿ ಅಂಥ ಫೋಟೋ ಅದೇ ಮೊದಲು. ಹೊಸ ಜೋಡಿಗಳು ಒಮ್ಮೊಮ್ಮೆ ಕೇಳುತ್ತಿದ್ದರು, ಅವಳು ಬಾಯಿ ಮಾತಲ್ಲೇ ಸಾಗಹಾಕುತ್ತಿದ್ದಳು. ಆದರೆ ಇವಳು ಲಿಂಗಮ್ಮ.

"ಆಗಲವ್ವ" ಅಂದಳು. "ಇರೋ ಹಾಗೇ ತೆಗೀತೀನಿ."

ಆ ವಾರವೆಲ್ಲ ಅವಳು ತಯಾರಿ ಮಾಡಿದಳು. ಯಾವ ಮದುವೆಗೂ ಅಷ್ಟು ಮಾಡಿದವಳಲ್ಲ.

ಮೊದಲ ಯೋಚನೆ ಫಿಲ್ಮಿನದು. ಬಣ್ಣದ ಫಿಲ್ಮಾದರೆ ತೊಳೆಯಲು ಕೊಯಮತ್ತೂರಿನ ಲ್ಯಾಬಿಗೆ ಕಳಿಸಬೇಕು. ಅಲ್ಲಿ ಯಾರು ಯಾರು ನೋಡುತ್ತಾರೋ, ಒಂದು ಪ್ರತಿ ಹೆಚ್ಚಿಗೆ ಹಾಕಿ ಇಟ್ಟುಕೊಂಡರೂ ಕೇಳುವವರಿಲ್ಲ. ಆದ್ದರಿಂದ ಕಪ್ಪುಬಿಳುಪಿನಲ್ಲೇ ತೆಗೆಯುವುದು, ತನ್ನ ಕತ್ತಲೆ ಕೋಣೆಯಲ್ಲಿ ತಾನೇ ತೊಳೆಯುವುದು ಅಂತ ನಿಶ್ಚಯಿಸಿದಳು. ಆ ಕೋಣೆ ಎಷ್ಟೋ ಕಾಲದಿಂದ ಹಳೆ ಫ್ರೇಮು, ಮುರಿದ ಸ್ಟ್ಯಾಂಡು ತುಂಬಿಕೊಂಡು ಬಿದ್ದಿತ್ತು. ಖಾಲಿ ಮಾಡಿ ತೊಳೆದಳು. ಬಾಗಿಲ ಸಂದಿಗೆ ಕರಿ ಬಟ್ಟೆ ಹೊಡೆದಳು. ಅಪ್ಪನ ಯಾಷಿಕಾ ಕ್ಯಾಮೆರಾವನ್ನು ಪೆಟ್ಟಿಗೆಯಿಂದ ತೆಗೆದಳು. ಮುಂದೆ ಎರಡು ಕಣ್ಣಿದ್ದು, ಮೇಲಿನಿಂದ ಬಗ್ಗಿ ಗಾಜಿನಲ್ಲಿ ನೋಡುವಂಥ ಹಳೇ ಕಾಲದ್ದು, ಒಂದು ಸುರುಳಿಗೆ ಹನ್ನೆರಡೇ ಫೋಟೋ.

ಶಿವಲಿಂಗಯ್ಯ ಇದನ್ನೆಲ್ಲ ನೋಡುತ್ತಿದ್ದ. "ಏನಮ್ಮ ಇಂದ್ರಾ, ಮಾವನವರ ಕಾಲಕ್ಕೆ ವಾಪಸ್ಸು ಹೊರಟಂಗಿದೆ?"

"ಹೂಂ ರೀ. ನೀವೂ ಬನ್ನಿ, ಆಗ ನಿಮ್ಮ ತಲೇಲಿ ಕೂದಲಿತ್ತು."

ಅವನು ನಕ್ಕ. ಹೆಂಗಸರ ವಿಷಯ ಅಂತ ಅವಳು ಬಾಯಿ ಬಿಡದಿದ್ದರೆ ಅವನು ಕೇಳುವವನಲ್ಲ. ಕತ್ತಲೆ ಕೋಣೆಯ ಬಾಗಿಲಿಗೆ ತಾನೇ ಹೊಸ ಚಿಲಕ ತಂದು ಹಾಕಿಕೊಟ್ಟ, ಒಳಗಿನಿಂದ ಹಾಕುವಂಥದ್ದು.

ಜಾಗವೂ ಗೊತ್ತಾಗಿತ್ತು. ಆಡಿ ತಿಂಗಳಲ್ಲಿ ಕಾಟೇಜು ಖಾಲಿ. ಮ್ಯಾನೇಜರ್ ಚಂದ್ರನ್ ಮಂಗಳವಾರ ಗೂಡಲೂರಿಗೆ ತನ್ನ ಮನೆಗೆ ಹೋಗಿ ಮಾರನೇ ದಿನ ಬರುವವನು. ಬೀಗದ ಕೈ ಲಿಂಗಮ್ಮನ ಹತ್ತಿರವೇ ಇರುತ್ತಿತ್ತು. ಮೊದಲ ಮಂಗಳವಾರ ಇಬ್ಬರೂ ಹೋಗಿ ಕೋಣೆಗಳನ್ನೆಲ್ಲ ನೋಡಿದರು. ಲಿಂಗಮ್ಮ ಮುಂದೆ ಮುಂದೆ ಬಾಗಿಲು ತೆಗೆಯುತ್ತ, "ಈ ರೂಮಲ್ಲಿ ಮದರಾಸಿನವರು ಮೂರು ದಿನ ಜಗಳ ಆಡಿದರು, ಇದು ಬೇಡ. ಇದರ ಕಿಟಕೀಲಿ ಕೋತಿ ಬರ್ತದೆ. ಇದು ನೋಡು, ಎನಗೆ ಇದೇ ಇಷ್ಟ" ಅಂದಳು. ಮೂಲೆಯ ಕೋಣೆ. ಕಿಟಕಿಯಾಚೆ ಸಿಲ್ವರ್ ಓಕ್ ಮರಗಳು, ಅದರಾಚೆ ಇಳಿಜಾರಿನ ತೋಟ. ಯಾರೂ ನಡೆದಾಡುವ ದಾರಿಯಿಲ್ಲ. ಬಿಳೀ ಪರದೆಯೊಳಗಿಂದ ಬರುವ ಬೆಳಕು ಹಾಲಿನ ಕೆನೆಯಂತಿತ್ತು.

ಇಂದ್ರಾಣಿ ಒಂದೊಂದಾಗಿ ಯೋಚಿಸಿದಳು. ಚಳಿಗೆ ಮೈ ನವಿರೇಳುತ್ತದೆ, ಅದಕ್ಕೆ ಹೀಟರ್ ಬೇಕು. ಹೀಟರ್ ಹಾಕಿದರೆ ಹೊರಗಿನ ಥಂಡಿಯಿಂದ ತಂದ ಕ್ಯಾಮೆರಾದ ಕಣ್ಣು ಮಂಜಾಗುತ್ತದೆ, ಅದಕ್ಕೆ ಕ್ಯಾಮೆರಾ ಮುಂಚೇನೇ ಬಂದು ಕೋಣೆಯಲ್ಲಿ ಬೆಚ್ಚಗೆ ಕೂತಿರಬೇಕು. ರವಿಕೆ, ಒಳಲಂಗದ ದಾರ ಒತ್ತಿದ ಗುರುತು ಮೈ ಮೇಲೆ ಉಳಿಯುತ್ತದೆ, ಅದಕ್ಕೆ ಲಿಂಗಮ್ಮ ಬೆಳಗಿನಿಂದ ಸಡಿಲ ಬಟ್ಟೆಯಲ್ಲಿರಬೇಕು.

"ನಿನ್ನನ್ನ ಎಲ್ಲಿ ಕೂರಿಸಿದರೆ ಬೆಳಕು ಎಷ್ಟಿರ್ತದೆ ಅಂತ ಇವತ್ತೇ ನೋಡ್ಕೋತೀನಿ" ಅಂದಳು.

"ನಾನು ಹೋಗಿ ನೀರು ಕಾಯಿಸ್ತೀನಿ. ನೀನೇ ಕೂತು ನೋಡ್ಕೋ ಅಕ್ಕ. ನೀನೂ ಹೆಂಗಸಲ್ಲವಾ."

ಲಿಂಗಮ್ಮ ಹೊರಗೆ ಹೋದಮೇಲೆ ಇಂದ್ರಾಣಿ ಚಿಲಕ ಹಾಕಿ, ಕ್ಯಾಮೆರಾದ ಗುರ್‌ಗುಟ್ಟುವ ಕೀಲಿ ತಿರುಗಿಸಿ, ಅದು ತಾನಾಗಿ ಕ್ಲಿಕ್ ಅನ್ನುವುದರೊಳಗೆ ಓಡಿಹೋಗಿ ಹಾಸಿಗೆಯ ಮೇಲೆ ಕೂತಳು. ಭುಜದಿಂದ ಸೀರೆ ಇಳಿಸಿ ಬೆಡ್‌ಶೀಟು ಹೊದ್ದುಕೊಂಡಳು. ಜೀವಮಾನದಲ್ಲಿ ಸಾವಿರಾರು ಜನರನ್ನು ಕೂರಿಸಿದ ಜಾಗದಲ್ಲಿ ತಾನು ಕೂತದ್ದು ಅದೇ ಮೊದಲು. ಕ್ಯಾಮೆರಾದ ಎರಡು ಕಣ್ಣು ತನ್ನನ್ನೇ ನೋಡುತ್ತಿದ್ದವು. ಸ್ಟುಡಿಯೋಗೆ ಬಂದು ಆ ಸುರುಳಿಯನ್ನು ತೊಳೆದು ನೋಡಿದರೆ ಬೆಳಕೇನೋ ಚೆನ್ನಾಗಿಯೇ ಬಂದಿತ್ತು. ಆದರೆ ಪ್ರತಿ ಫೋಟೋದಲ್ಲೂ ಅವಳು ಬೆಡ್‌ಶೀಟನ್ನು ಗಲ್ಲದವರೆಗೆ ಎಳೆದು ಹಿಡಿದಿದ್ದಳು, ಬಸ್ಸಿನಲ್ಲಿ ಚಳಿಗೆ ಮುದುಡಿ ಕೂತ ಮುದುಕಿಯ ಹಾಗೆ. ತನಗೇ ನಗು ಬಂತು. ಬೆಳಕು ನೋಡುವುದಕ್ಕೆ ತಾನೇ ತೆಗೆದದ್ದು ಅಂದುಕೊಂಡು ಅದನ್ನು ಕತ್ತರಿಸಿ ಎಸೆದಳು. ಅಲ್ಲೇ ಒಂದು ಗಳಿಗೆ ನಿಂತು ನೋಡಿದ್ದರೆ ಏನಾದರೂ ತಿಳಿಯುತ್ತಿತ್ತೋ ಏನೋ. ನಿಲ್ಲಲಿಲ್ಲ.

ಎರಡನೆಯ ಮಂಗಳವಾರ ಬಂತು. ಆ ವಾರ ಶುಕ್ರವಾರ ಆಪರೇಷನ್.

ಬೆಳಿಗ್ಗೆ ಮೋಡ ಒಂದಿಷ್ಟು ಎದ್ದಿತ್ತು. ಇಂದ್ರಾಣಿ ಹೋಗುವ ಹೊತ್ತಿಗೆ ಮೂಲೆಯ ಕೋಣೆ ಬೆಚ್ಚಗಾಗಿತ್ತು. ಹಾಸಿಗೆಯ ಮೇಲೆ ಗಂಜಿ ಹಾಕಿ ಇಸ್ತ್ರಿ ಮಾಡಿದ ಹೊಸ ಬೆಡ್‌ಶೀಟು, ಒಂದು ಗೆರೆಯಿಲ್ಲ.

"ಎನಗೇ ಅಂತ ಹಾಸಿದ ಹಾಸಿಗೆ ಇದೊಂದೇ ಅಕ್ಕ ಈ ಕಾಟೇಜಲ್ಲಿ" ಅಂದಳು ಲಿಂಗಮ್ಮ.

ತಲೆ ಸ್ನಾನ ಮಾಡಿ ಕೂದಲು ಬಿಟ್ಟುಕೊಂಡಿದ್ದಳು. ಮೈಗೆ ಸೀರೆಯಿಲ್ಲ. ಹಳೆಯ ಬಿಳೀ ಮುಂಡು, ಕಂಕುಳ ಕೆಳಗೆ ಸುತ್ತಿ ಕಟ್ಟಿದ್ದು. ಭುಜಗಳು ಬರಿದಾಗಿದ್ದವು.

"ಇದು ಎನ್ನ ಹೆತ್ತೆದು" ಅಂದಳು. ಹೆತ್ತೆ ಅಂದರೆ ಅವರಲ್ಲಿ ಅಜ್ಜಿ. "ಹೆತ್ತೆ ಹೀಗೇ ಉಟ್ಟು ಹೊಲ ಕೆತ್ತುತ್ತಿದ್ದಳು, ಹೀಗೇ ಸಂತೆಗೂ ಹೋಗ್ತಿದ್ದಳು. ಭುಜ ಕಾಣ್ತದೆ ಅಂತ ಯಾರೂ ಸತ್ತು ಬೀಳಲಿಲ್ಲೆ. ಈಗ ನಾವು ರವಿಕೆ ಮೇಲೆ ಸ್ವೆಟರ್ ಹಾಕಿ, ಅದರ ಮೇಲೆ ಶಾಲು ಹಾಕಿ ನಾಚಿಕೆ ಕಲಿತೆವು."

"ಚಳಿಗೆ ಹಾಕಿದ್ದು ಅನ್ನು."

"ಹೂಂ, ಚಳಿಗೆ. ಮಕ್ಕಳಿಗೆ ಹಾಲು ಕೊಡುವಾಗಲೂ ಗೋಡೆ ಕಡೆ ತಿರುಗಿ ಕೂತದ್ದು ಚಳಿಗೇ ಇರಬೇಕು."

ಇಬ್ಬರೂ ನಕ್ಕರು. ನಗುವಾಗಲೇ ಇಂದ್ರಾಣಿ ಮೊದಲ ಫೋಟೋ ತೆಗೆದಳು. ಅದು ಚೆನ್ನಾಗಿ ಬಂದಿತ್ತೆಂದು ಆಗಲೇ ಗೊತ್ತಾಯಿತು. ಕಿಟಕಿ ಕಡೆ ಮುಖ ಮಾಡಿಸಿ ಒಂದು, ಹಾಸಿಗೆಯ ಅಂಚಿನಲ್ಲಿ ಕೂದಲು ಹರಡಿ ಕೂರಿಸಿ ಒಂದು. ಲಿಂಗಮ್ಮ ಹೇಳಿದ ಹಾಗೆ ಕೂತಳು, ಹೇಳದೇ ಇದ್ದರೂ ಕೂತಳು. ಆ ಮೈಗೆ ಕೆಲಸ ಬಿಟ್ಟು ಸುಮ್ಮನೆ ಕೂರುವುದೇ ಹೊಸದು. ಕೂತದ್ದರಲ್ಲೇ ಅದಕ್ಕೆ ಒಂದು ಸುಖವಿದ್ದ ಹಾಗಿತ್ತು.

ಅರ್ಧ ಸುರುಳಿ ಮುಗಿಯಿತು.

"ಈಗ ಅದನ್ನ ತೆಗೀತೀಯಾ ಅಕ್ಕ?" ಅಂದಳು ಲಿಂಗಮ್ಮ.

"ಹೂಂ ಅವ್ವ. ನಿನಗೆ ಯಾವಾಗ ಅನ್ನಿಸ್ತದೋ ಆಗ."

ಲಿಂಗಮ್ಮ ಕಿಟಕಿ ನೋಡಿದಳು. ಕಂಕುಳ ಕೆಳಗಿನ ಗಂಟು ಬಿಚ್ಚಿದಳು. ಮುಂಡು ಸೊಂಟದವರೆಗೆ ಇಳಿಯಿತು. ಅವಳು ಬೆನ್ನು ನೇರ ಮಾಡಿ, ಕೈ ಎರಡೂ ತೊಡೆಯ ಮೇಲಿಟ್ಟು, ಕ್ಯಾಮೆರಾದ ಕಡೆ ತಿರುಗಿದಳು. ಗೋಡೆಯ ಕಡೆ ಅಲ್ಲ.

ಇಂದ್ರಾಣಿ ಬಗ್ಗಿ ಗಾಜಿನಲ್ಲಿ ನೋಡಿದಳು. ಆ ಗಾಜಿನಲ್ಲಿ ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತದೆ. ಮೂರು ಮಕ್ಕಳು ಕುಡಿದು ದಣಿದ ಎದೆ, ಬೆಳ್ಳಗಿನ ಗೆರೆಗಳು, ಸೂಜಿ ಹಾಕಿದ ಕಡೆ ಮಾಗದ ನೀಲಿ ಕಲೆ. ಬೆಳಕು ಅದರ ಮೇಲೆ ಎಷ್ಟು ಬೇಕೋ ಅಷ್ಟೇ ಇತ್ತು. ಅವಳು ದೂರ ಸರಿಮಾಡಿದಳು. ಎಲ್ಲ ಸರಿಯಾಯಿತು. ಎಲ್ಲ ಸರಿಯಾದ ಮೇಲೆ ಮಾಡುವುದು ಏನಿತ್ತೋ ಅದನ್ನೇ ಅವಳ ಮೈ ಮಾಡಿತು. ಕ್ಯಾಮೆರಾ ಬಿಟ್ಟು ಮುಂದಕ್ಕೆ ಹೋದಳು. ಎರಡು ಬೆರಳಲ್ಲಿ ಮುಂಡಿನ ಅಂಚು ಹಿಡಿದಳು. ಮೇಲಕ್ಕೆಳೆದಳು. ಕಂಕುಳ ಕೆಳಗೆ ಸಿಕ್ಕಿಸಿ, ಒತ್ತಿ, "ಹಾಂ, ಈಗ ಸರಿ" ಅಂದಳು.

ವಾಪಸ್ಸು ಬಂದು ಕ್ಲಿಕ್ ಮಾಡಿದಳು.

ಕ್ಲಿಕ್ ಆದಮೇಲೆ ಗೊತ್ತಾಯಿತು, ಏನು ಮಾಡಿದೆ ಅಂತ. ತಲೆ ಎತ್ತಿದಳು. ಲಿಂಗಮ್ಮನ ಮುಖದಲ್ಲಿ ಒಂದು ನಗು ಇತ್ತು, ರೇಷನ್ ಕಾರ್ಡಿನ ಫೋಟೋಗೆ ನಗುವಂಥದ್ದು. ಇಷ್ಟು ಹೊತ್ತು ಆ ಮುಖದಲ್ಲಿದ್ದದ್ದು ಅದಲ್ಲ.

ಆಗಲೂ ಒಂದು ಮಾತು ಆಡಬಹುದಿತ್ತು. 'ಅಯ್ಯೋ, ಅಭ್ಯಾಸ ಕಣವ್ವ, ಕೈಗೆ ಬುದ್ಧಿಯಿಲ್ಲ' ಅಂತ ನಕ್ಕುಬಿಡಬಹುದಿತ್ತು. ಆದರೆ ನಾಲಿಗೆ ಏಳಲಿಲ್ಲ. ತಾನೇ ಹೋಗಿ ಆ ಬಟ್ಟೆಯನ್ನು ಮತ್ತೆ ಇಳಿಸುವುದು ಹೇಗೆ? ಇಷ್ಟು ವರ್ಷ ಮೇಲಕ್ಕೆಳೆದ ಕೈಗೆ ಕೆಳಕ್ಕೆಳೆಯುವುದು ಗೊತ್ತಿಲ್ಲ. ಅವಳೇ ಇಳಿಸಿಕೊಂಡರೆ ತೆಗೆಯೋಣ ಅಂದುಕೊಂಡಳು. ಲಿಂಗಮ್ಮ ಇಳಿಸಿಕೊಳ್ಳಲಿಲ್ಲ. ಇಂದ್ರಾಣಿ ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು ತೆಗೆಯುತ್ತ ಹೋದಳು. ಅಂದ ಮಾಡಿದಳು. ಬೆನ್ನು, ಭುಜ, ಕೂದಲು, ಕತ್ತು. ಒಂದೊಂದು ಕ್ಲಿಕ್ಕಿಗೂ ಮಧ್ಯೆ ಕಾದಳು. ಕೊನೆಗೆ ಸುರುಳಿಯಲ್ಲಿ ಒಂದೇ ಒಂದು ಉಳಿಯಿತು.

"ಇನ್ನೊಂದು ಇದೆ ಲಿಂಗಮ್ಮ" ಅಂದಳು.

"ಸಾಕು ಅಕ್ಕ. ಬಸ್ಸಿಗೆ ಹೊತ್ತಾಯ್ತು." ಲಿಂಗಮ್ಮ ಸೀರೆ ತೆಗೆದುಕೊಂಡು ಸ್ನಾನದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಉಟ್ಟಳು. ಇಷ್ಟು ಹೊತ್ತು ಇಬ್ಬರ ನಡುವೆ ಇಲ್ಲದಿದ್ದ ಬಾಗಿಲು ಈಗ ಬಂತು. ಹೊರಗೆ ಬಂದು ಹಾಸಿಗೆಯ ಬೆಡ್‌ಶೀಟನ್ನು ಎಳೆದು ಗಂಟು ಕಟ್ಟಿ ಒಗೆಯುವ ಬುಟ್ಟಿಗೆ ಹಾಕಿದಳು.

ಮಾರನೆಯ ದಿನ ಇಂದ್ರಾಣಿ ಕತ್ತಲೆ ಕೋಣೆಯ ಚಿಲಕ ಹಾಕಿಕೊಂಡು ಫಿಲ್ಮು ತೊಳೆದಳು. ಒದ್ದೆ ಸುರುಳಿಯನ್ನು ಬಲ್ಬಿಗೆ ಹಿಡಿದು ನೋಡಿದಳು. ಹನ್ನೊಂದು ಲಿಂಗಮ್ಮಂದಿರು, ಒಬ್ಬಳಿಗಿಂತ ಒಬ್ಬಳು ಅಂದ. ಕೊನೆಯಲ್ಲಿ ಏನೂ ಇಲ್ಲದ ಒಂದು ಖಾಲಿ ಚೌಕ. ಅಷ್ಟರ ಮೇಲೆ ಅವಳಿಗೆ ಕೂರಲಾಗಲಿಲ್ಲ.

"ರೀ, ನಾನು ತುಮ್ಮನಟ್ಟಿಗೆ ಹೋಗಿಬರ್ತೀನಿ."

"ಈ ಮಳೇಲಾ? ನಾಳೆ ಹೋದರಾಗಲ್ವಾ?"

"ಆಗಲ್ಲ."

ಹೊಸ ಸುರುಳಿ ತುಂಬಿದ ಕ್ಯಾಮೆರಾವನ್ನು ಶಾಲಿನಲ್ಲಿ ಸುತ್ತಿ ಎದೆಗವಚಿಕೊಂಡು ಬಸ್ಸು ಹತ್ತಿದಳು. ಈಗ ಹೇಳುತ್ತೇನೆ, ಏನಾದರಾಗಲಿ, ನಿನ್ನ ಮನೆಯ ಒಳಕೋಣೆಯಲ್ಲೇ ಆಗಲಿ, ನಿಮಿಷದ ಕೆಲಸ, ನಾನು ನಿಂತ ಕಡೆಯಿಂದ ಕದಲುವುದಿಲ್ಲ. ದಾರಿಯುದ್ದಕ್ಕೂ ಆ ಮಾತುಗಳನ್ನೇ ಬಾಯೊಳಗೆ ಹೇಳಿಕೊಂಡು ಹೋದಳು.

ಹಟ್ಟಿಯಲ್ಲಿ ಲಿಂಗಮ್ಮನ ಮನೆಯ ಬಾಗಿಲು ತೆಗೆದದ್ದು ಮಗಳು ರಮ್ಯಾ, ಸ್ಕೂಲಿನ ಸಮವಸ್ತ್ರದಲ್ಲಿದ್ದಳು.

"ಅವ್ವೆ, ಅಪ್ಪ ಇಬ್ಬರೂ ಬೆಳಿಗ್ಗೆನೇ ಕೊಯಮತ್ತೂರಿಗೆ ಹೋದರಲ್ಲ ಅತ್ತೆ. ಬರ್ಲಿಯಾರ್ ಹತ್ತಿರ ಮಣ್ಣು ಕುಸಿದಿದೆಯಂತೆ. ನಾಳೆ ರೋಡು ಮುಚ್ಚಿಬಿಟ್ಟರೆ ಅಂತ ಮುಂಚೇನೇ ಹೊರಟುಬಿಟ್ಟರು." ಶಾಲಿನ ಗಂಟು ನೋಡಿದಳು. "ಅವ್ವೆಗೆ ಏನಾದರೂ ತಂದಿರಾ? ಎತ್ತಿಟ್ಟಿರ್ತೀನಿ ಕೊಡಿ."

"ಏನಿಲ್ಲವ್ವ" ಅಂದಳು ಇಂದ್ರಾಣಿ. "ಸುಮ್ಮನೆ ನೋಡಿಹೋಗೋಣ ಅಂತ ಬಂದೆ."

ಆ ಹುಡುಗಿ ಬಿಸಿ ಕಾಪಿ ಮಾಡಿ ಕೊಟ್ಟಳು. ಇಂದ್ರಾಣಿ ಕುಡಿದಳು. ಕ್ಯಾಮೆರಾ ತೊಡೆಯ ಮೇಲೆ ಕೂಸಿನ ಹಾಗೆ ಮಲಗಿತ್ತು.

ಲಿಂಗಮ್ಮ ಸ್ಟುಡಿಯೋಗೆ ಬಂದದ್ದು ಕಾರ್ತಿಕ ಕಳೆದ ಮೇಲೆ. ತೆಳ್ಳಗಾಗಿದ್ದಳು. ತಲೆಗೆ ಬಿಳೀ ಬಟ್ಟೆ ಕಟ್ಟಿದ್ದಳು, ಔಷಧಕ್ಕೆ ಕೂದಲು ಹೋಗಿತ್ತು. ಮೆಟ್ಟಿಲು ಹತ್ತಿ ಬಂದ ಏದುಸಿರು ಇಳಿಯುವ ತನಕ ಅದೇ ಬೆಂಚಿನ ಮೇಲೆ ಕೂತಳು. ಶಿವಲಿಂಗಯ್ಯ ಯಾರೂ ಹೇಳದೆಯೇ ಟೀ ತರಲು ಎದ್ದು ಹೋದ.

ಇಂದ್ರಾಣಿ ಕವರಿನಿಂದ ಫೋಟೋಗಳನ್ನು ತೆಗೆದು ಗಾಜಿನ ಮೇಲೆ ಇಟ್ಟಳು. ತಿಂಗಳುಗಟ್ಟಲೆ ಅವನ್ನು ಜೋಪಾನವಾಗಿ ಇಟ್ಟುಕೊಂಡಿದ್ದವಳು, ಈಗ ಬೇರೆ ಕಡೆ ನೋಡಿದಳು.

ಲಿಂಗಮ್ಮ ಒಂದೊಂದಾಗಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಅಯ್ಯಪ್ಪ, ಕೂದಲು ನೋಡು ಎನ್ನದು" ಅಂದಳು. "ಸಿನಿಮಾದವಳ ಹಾಗೆ ಮಾಡಿದ್ದೀಯ ಅಕ್ಕ. ಬಲು ಚೆಂದ ಬಂದಿದೆ."

"ಚೆಂದ ಬಿಡು. ನೀನು ಕೇಳಿದ್ದು ಬರಲಿಲ್ಲ ಕಣವ್ವ."

"ಇಲ್ಲೆ" ಅಂದಳು ಲಿಂಗಮ್ಮ. ಕೋಪವಿರಲಿಲ್ಲ. ಫೋಟೋಗಳನ್ನು ಅಂಚಿಗೆ ಅಂಚು ಹೊಂದಿಸಿ ಜೋಡಿಸಿದಳು, ಬೆಡ್‌ಶೀಟು ಜೋಡಿಸುವ ಹಾಗೆ. "ನಿನ್ನ ಕೈ ಮುಂದಕ್ಕೆ ಬಂತು ನೋಡು, ಆಗ ಎನಗೆ ಅನ್ನಿಸ್ತು. ಊರಿನ ಹೆಂಗಸರನ್ನೆಲ್ಲ ನೋಡಿದವಳು ಇವಳು, ಇವಳಿಗೇ ನೋಡಕ್ಕೆ ಆಗ್ತಾ ಇಲ್ಲೆ. ಅಷ್ಟು ಕೆಟ್ಟಿದೆ ಅಂತ ಆಯ್ತು. ಹೋದರೆ ಹೋಗಲಿ ಅಂತ ಹೋಗಿ ಮಲಗಿದೆ ಆಸ್ಪತ್ರೇಲಿ. ಒಂದು ತರದಲ್ಲಿ ಒಳ್ಳೇದೇ ಆಯ್ತು, ಅಳು ಬರಲಿಲ್ಲೆ."

ಇಂದ್ರಾಣಿ ಈಗ ಅವಳ ಕಡೆ ತಿರುಗಿದಳು. "ಹಾಗಲ್ಲ ಲಿಂಗಮ್ಮ. ನನ್ನಪ್ಪನಾಣೆ ಹಾಗಲ್ಲ. ಅದು ಕೈ ಅಭ್ಯಾಸ. ನಾನು ನೋಡ್ದೆ, ಗಾಜಲ್ಲಿ ಚೆನ್ನಾಗಿ ನೋಡ್ದೆ. ಕೆಟ್ಟಿರಲಿಲ್ಲ ಕಣೇ. ನಿನ್ನ ಹೆತ್ತೆ ಮುಂಡಿನ ಬಿಳುಪಿನ ಮೇಲೆ... ಹ್ಯಾಗೆ ಹೇಳಲಿ... ಎರಡೂ ಒಂದೇ ಸಮ ಇರಲಿಲ್ಲ, ಎಡಗಡೇದು ಒಂದು ಚೂರು ಕೆಳಗಿತ್ತು. ಅದರ ಪಕ್ಕದಲ್ಲಿ ಒಂದು ಮಚ್ಚೆ ಇತ್ತು, ಎಳ್ಳಿನಷ್ಟು."

ಲಿಂಗಮ್ಮ ತಲೆ ಎತ್ತಿದಳು. "ಮಚ್ಚೆನಾ?"

"ಹೂಂ. ಕೆಳಗಡೆ, ಮಗ್ಗುಲಿಗೆ."

"ಎನಗೆ ಗೊತ್ತೇ ಇರಲಿಲ್ಲೆ" ಅಂದಳು. ಕೈ ತಾನಾಗಿ ಎಡಗಡೆಗೆ ಹೋಯಿತು. ರವಿಕೆಯೊಳಗೆ ಅಲ್ಲಿ ಬಟ್ಟೆಯ ಮಡಿಕೆ ಇತ್ತು. "ಹೆತ್ತೆ ಮುಂಡು ಹರಿದು ಮಡಿಸಿ ಇಟ್ಟುಕೊಂಡಿದ್ದೀನಿ. ಮೆತ್ತಗಿರ್ತದೆ, ಚುಚ್ಚಲ್ಲ." ಆಮೇಲೆ ಕೇಳಿದಳು: "ಇನ್ನೇನಿತ್ತು ಅಕ್ಕ? ನೋಡಿದ್ದೀಯಲ್ಲ, ಹೇಳು."

ಇಂದ್ರಾಣಿ ಹೇಳಿದಳು. ನೆನಪಿದ್ದದ್ದನ್ನೆಲ್ಲ ಹೇಳಿದಳು, ಬೆಳ್ಳಗಿನ ಗೆರೆಗಳು ಯಾವ ಕಡೆ ಓಡಿದ್ದವು ಅನ್ನುವುದನ್ನು ಕೂಡ. ಗಾಜಿನಲ್ಲಿ ತಿರುಗಿ ಕಂಡದ್ದನ್ನು ಮನಸ್ಸಿನಲ್ಲಿ ಮತ್ತೆ ತಿರುಗಿಸಿ ಹೇಳಬೇಕಾಗಿತ್ತು. ಹೇಳುತ್ತ ಹೇಳುತ್ತ ತನಗೇ ಅನುಮಾನ ಬಂತು, ಮಚ್ಚೆ ಒಳಮಗ್ಗುಲಿಗಿತ್ತೋ ಹೊರಮಗ್ಗುಲಿಗೋ. ಫೋಟೋ ಆಗಿದ್ದರೆ ಅನುಮಾನ ಪಡಬೇಕಾಗಿರಲಿಲ್ಲ. ಲಿಂಗಮ್ಮ ಕಣ್ಣು ಮುಚ್ಚಿ ಕೇಳಿದಳು.

ಹೊರಡುವಾಗ ನಗುತ್ತಿರುವ ಆ ಮೊದಲ ಫೋಟೋ ಒಂದನ್ನೇ ತೆಗೆದುಕೊಂಡಳು. ಉಳಿದದ್ದನ್ನು ಅಲ್ಲೇ ಬಿಟ್ಟಳು.

ಅವಳು ಬದುಕಿದಳು, ಅದು ದೊಡ್ಡದು. ಕೂದಲು ಬಂತು. ಕಾಟೇಜಿನ ಕೆಲಸಕ್ಕೂ ಮತ್ತೆ ಹೋದಳು. ಇಂದ್ರಾಣಿಯ ಕೆಲಸದಲ್ಲಿ ಮಾತ್ರ ಏನೋ ಕೆಟ್ಟುಹೋಯಿತು. ಸೆರಗಿಗೆ ಕೈ ಹೋಗಿ ಅರ್ಧದಲ್ಲಿ ನಿಲ್ಲುತ್ತಿತ್ತು. ಮದುವೆ ಮನೆಯವರು "ಇಂದ್ರಾಣಿಯಕ್ಕನಿಗೆ ವಯಸ್ಸಾಯಿತು, ಮೊದಲಿನ ಹಾಗೆ ನೋಡಲ್ಲ" ಅನ್ನತೊಡಗಿದರು. ಅವಳು ತಿದ್ದಲು ಹೋಗಲಿಲ್ಲ.

ಎಂಟು ವರ್ಷ ಕಳೆದು ರಮ್ಯಾಳ ಮದುವೆಯಾಯಿತು. ಹಾಲನೇ ಬಂದು ಕರೆದ, "ನೀವೇ ಬರಬೇಕು ಅಂತ ಲಿಂಗಮ್ಮ ಹೇಳಿದ್ದಾಳೆ" ಅಂತ. ಹುಡುಗರು ಡಿಜಿಟಲ್ ಕ್ಯಾಮೆರಾ ಹಿಡಿದು ಓಡಾಡುತ್ತಿದ್ದರು. ಇಂದ್ರಾಣಿ ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ಬೆಳಕು ನೋಡಿದಳು, ದೂರ ನೋಡಿದಳು. ಎಲ್ಲ ಸರಿಯಿತ್ತು, ಒಂದು ಬಿಟ್ಟು. ಬೆಳಗಿನಿಂದ ಓಡಾಡಿ ಲಿಂಗಮ್ಮನ ಸೆರಗು ಎಡಭುಜದಿಂದ ಜಾರಿತ್ತು. ರವಿಕೆಯೊಳಗಿನ ಮಡಿಕೆ ಒಂದು ಕಡೆ ಸರಿದು, ಅಲ್ಲಿ ಏನಿಲ್ಲ ಅನ್ನುವುದು ಎದ್ದು ಕಾಣುತ್ತಿತ್ತು. ಲಿಂಗಮ್ಮನಿಗೆ ಅದು ಗೊತ್ತಿರಲಿಲ್ಲ. ಅಥವಾ ಗೊತ್ತಿತ್ತೇನೋ. ಅವಳು ನೇರವಾಗಿ ಕ್ಯಾಮೆರಾವನ್ನೇ ನೋಡುತ್ತಿದ್ದಳು.

ಇಂದ್ರಾಣಿಯ ಕೈ ಎದ್ದಿತು, ನಿಂತಿತು. ಜನ ಕಾಯುತ್ತಿದ್ದರು. ಅವಳು ಕ್ಯಾಮೆರಾ ಬಿಟ್ಟು ನಡೆದು ಲಿಂಗಮ್ಮನ ಕಿವಿಯ ಹತ್ತಿರ ಹೋದಳು.

"ಸೆರಗು ಜಾರಿದೆ. ಸರಿಮಾಡಲಾ, ಹಾಗೇ ಇರಲಾ?"

ಲಿಂಗಮ್ಮ ಕಣ್ಣು ಕೆಳಗೆ ಹೊರಳಿಸಿ ನೋಡಿಕೊಂಡಳು. ಆಮೇಲೆ ಇಂದ್ರಾಣಿಯನ್ನು ನೋಡಿದಳು.

"ಸರಿಮಾಡು ಅಕ್ಕ" ಅಂದಳು. "ಈ ಫೋಟೋ ಎನಗಲ್ಲ, ಮಗಳ ಮನೆಯವರಿಗೆ." ಆಮೇಲೆ ಮೆಲ್ಲಗೆ, ಬೇರೆ ಯಾರಿಗೂ ಕೇಳದ ಹಾಗೆ ಅಂದಳು: "ಅವತ್ತೂ ಹೀಗೆ ಕೇಳಿದ್ದರೆ ಆಗ್ತಿತ್ತಲ್ಲ."

ಇಂದ್ರಾಣಿ ಎರಡು ಬೆರಳಲ್ಲಿ ಸೆರಗು ಹಿಡಿದು ಮೇಲಕ್ಕೆಳೆದು ಭುಜದ ಮೇಲೆ ಒತ್ತಿದಳು. ಎಳೆಯುವಾಗ ರವಿಕೆಯೊಳಗಿನ ಹಳೆಯ ಮುಂಡಿನ ಮಡಿಕೆ ಬೆರಳಿಗೆ ಮೆತ್ತಗೆ ತಾಗಿತು. ಹಿಂದೆ ಸರಿದು ಕ್ಯಾಮೆರಾಕ್ಕೆ ಕಣ್ಣು ಕೊಟ್ಟಳು. 'ಈಗ ಸರಿ' ಅನ್ನುವ ಮಾತು ಬಾಯಿಗೆ ಬಂದಿತ್ತು, ಆಡಲಿಲ್ಲ.